ನೆಟ್ಟಗೆ ಇಳಿಯುವ ರಾಕೆಟ್‌ಗಳು: ಪರೀಕ್ಷಾ ಹಾರಾಟಗಳಲ್ಲಿ ಏನನ್ನು ಗಮನಿಸಬೇಕು

ಮೇಲೆ ಹೋದ ಬೂಸ್ಟರ್ (ರಾಕೆಟ್ಟಿನ ಕೆಳಗಿನ ಹಂತ) ಬಾಲ ಕೆಳಗಾಗಿ ಬಂದು ಕಾಲೂರಿ ನಿಲ್ಲುವುದರ ಮೂಲ ಲೆಕ್ಕ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ. ಆ ಲೆಕ್ಕವನ್ನು ಕವಾಟ, ಕೊಳವೆ, ಕೊಂಡಿಗಳ ಕೈಯಲ್ಲಿ ಹೊತ್ತಿಗೆ ಸರಿಯಾಗಿ ಮಾಡಿಸುವುದೇ ಕಷ್ಟ. ಮೂವತ್ತು ವರ್ಷಗಳ ಹಾರಾಟಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಸಮೀಕರಣ ತಪ್ಪಿ ಬಿದ್ದ ರಾಕೆಟ್‌ಗಳಿಗಿಂತ ಕವಾಟ ಅಂಟಿ, ಎಣ್ಣೆ ಮುಗಿದು, ಕೊಂಡಿ ಬೀಳದೆ ಹಾಳಾದವೇ ಹೆಚ್ಚು ಸಿಗುತ್ತವೆ. ಲೆಕ್ಕವನ್ನು ಮೊದಲು ಕೈಯಾರೆ ಮಾಡಿಕೊಂಡರೆ, ಅಷ್ಟು ಚಿಕ್ಕ ದೋಷ ಯಾಕೆ ಅಷ್ಟು ದುಬಾರಿ ಎಂಬುದು ತಾನಾಗಿ ಅರ್ಥವಾಗುತ್ತದೆ.

ಒಂದು ಲೆಕ್ಕ

ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟಿನಲ್ಲಿರುವ ಮೆರ್ಲಿನ್ 1ಡಿ ಇಂಜಿನ್ ಸಮುದ್ರಮಟ್ಟದಲ್ಲಿ ಸುಮಾರು 845 ಕಿಲೋನ್ಯೂಟನ್ ನೂಕುಬಲ ಕೊಡುತ್ತದೆ. ಏರುವಾಗ ಇಂಥ ಒಂಬತ್ತು ಉರಿಯುತ್ತವೆ, ನೆಲ ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ನಡುವಿನದೊಂದೇ. ಇಂಧನ ಬಹುಪಾಲು ಮುಗಿದ ಬೂಸ್ಟರ್ 30 ಟನ್ ಎಂದಿಟ್ಟುಕೊಳ್ಳಿ. ಅದನ್ನು ಭೂಮಿ ಎಳೆಯುವ ಬಲ 294 ಕಿಲೋನ್ಯೂಟನ್. ಇಂಜಿನ್ನನ್ನು ಶೇ. 40ಕ್ಕೆ ತಗ್ಗಿಸಿದರೂ 338 ಉಳಿಯುತ್ತದೆ, ಅಂದರೆ ತೂಕಕ್ಕಿಂತ ಹೆಚ್ಚು. ಹಾಗಾಗಿ ಈ ಬೂಸ್ಟರ್ ಗಾಳಿಯಲ್ಲಿ ನಿಂತು, ಜಾಗ ನೋಡಿಕೊಂಡು, ನಿಧಾನವಾಗಿ ಇಳಿಯಲಾರದು. ನೆಲದಿಂದ 20 ಮೀಟರ್ ಮೇಲೆ ವೇಗ ಸೊನ್ನೆಯಾದರೆ ಮರುಕ್ಷಣ ಮತ್ತೆ ಮೇಲಕ್ಕೇ ಹೊರಡುತ್ತದೆ. ವೇಗ ಮತ್ತು ಎತ್ತರ ಎರಡೂ ಒಟ್ಟಿಗೆ ಸೊನ್ನೆಯಾಗಬೇಕು. ಇದನ್ನೇ ಹೋವರ್‌ಸ್ಲ್ಯಾಮ್ ಅನ್ನುತ್ತಾರೆ.

ಈಗ ಆ ಬೂಸ್ಟರ್ ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಬೀಳುತ್ತಿದೆ, ಶೇ. 70 ನೂಕುಬಲದಲ್ಲಿ ನಿಲ್ಲಿಸುವುದು ಯೋಜನೆ. 591ರಿಂದ 294 ಕಳೆದರೆ 297 ಕಿಲೋನ್ಯೂಟನ್ ಉಳಿಯಿತು. 30 ಟನ್ನಿನಿಂದ ಭಾಗಿಸಿದರೆ ವೇಗ ಇಳಿಯುವ ದರ ಸೆಕೆಂಡಿಗೆ ಸೆಕೆಂಡಿಗೆ 9.9 ಮೀಟರ್. ವೇಗದ ವರ್ಗವನ್ನು ಈ ದರದ ಎರಡರಷ್ಟರಿಂದ ಭಾಗಿಸಿ: ನಿಲ್ಲಲು ಬೇಕಾದ ದೂರ ಸುಮಾರು 3,157 ಮೀಟರ್, ಸಮಯ 25 ಸೆಕೆಂಡು. ಗಾಳಿಯ ತಡೆಯನ್ನೂ ಇಂಧನ ಉರಿದು ತೂಕ ಇಳಿಯುವುದನ್ನೂ ಸದ್ಯಕ್ಕೆ ಬಿಟ್ಟಿದ್ದೇವೆ.

ಇಂಜಿನ್ ಹೊತ್ತಿಕೊಳ್ಳುವುದು 0.2 ಸೆಕೆಂಡು ತಡವಾಯಿತು ಅನ್ನಿ. ಅಷ್ಟರಲ್ಲಿ 50 ಮೀಟರ್ ಜಾರಿಹೋಗಿರುತ್ತದೆ. ಕಂಪ್ಯೂಟರ್ ಅದನ್ನು ಕೂಡಲೇ ಗುರುತಿಸಿದರೆ ಚಿಂತೆಯಿಲ್ಲ, ನೂಕುಬಲವನ್ನು 591ರಿಂದ 596ಕ್ಕೆ ಏರಿಸಿದರೆ ಸಾಕು. 200 ಮೀಟರ್ ಎತ್ತರಕ್ಕೆ ಬಂದ ಮೇಲೆ ತಿದ್ದಲು ಹೊರಟರೆ 665 ಬೇಕು. 50 ಮೀಟರ್ ಎತ್ತರದಲ್ಲಿ ತಿದ್ದಲು ಹೋದರೆ 888 ಬೇಕು. ಇಂಜಿನ್ನಿನ ಪೂರ್ತಿ ಬಲವೇ 845! ತಪ್ಪು ಅದೇ 50 ಮೀಟರ್, ಆದರೆ ತಿದ್ದುವ ಬೆಲೆ ಮಾತ್ರ ಕೆಳಗಿಳಿದಂತೆ ಏರುತ್ತಲೇ ಹೋಗುತ್ತದೆ. ಈ ನಾಲ್ಕು ಸಂಖ್ಯೆಗಳನ್ನು ನೀವೇ ಒಮ್ಮೆ ಲೆಕ್ಕ ಹಾಕಿ ನೋಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಯೋಜನೆಯಲ್ಲಿ ಪೂರ್ತಿ ಬಲ ಬಳಸದೆ ಶೇ. 70 ಇಟ್ಟುಕೊಂಡ ಕಾರಣವೂ ಇದೇ: ತಿದ್ದಲು ಕೈಯಲ್ಲಿ ಏನಾದರೂ ಉಳಿದಿರಬೇಕು.

ಕುಪ್ಪಳಿಸುವ ಪರೀಕ್ಷೆಗಳು

ಅಮೆರಿಕದ ಪ್ರಾಯೋಗಿಕ ರಾಕೆಟ್ ಡಿಸಿ-ಎಕ್ಸ್ 1993ರ ಆಗಸ್ಟ್ 18ರಂದು ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಮೊದಲ ಬಾರಿ ಹಾರಿದಾಗ ಏರಿದ್ದು ಸುಮಾರು 46 ಮೀಟರ್. ಅದರ ನಾಲ್ಕು ಆರ್‌ಎಲ್10 ಇಂಜಿನ್‌ಗಳನ್ನು ಶೇ. 30ರವರೆಗೆ ತಗ್ಗಿಸಬಹುದಿತ್ತು, ಹಾಗಾಗಿ ಅದು ಗಾಳಿಯಲ್ಲಿ ನಿಲ್ಲಬಲ್ಲದಾಗಿತ್ತು.

ಸ್ಪೇಸ್‌ಎಕ್ಸ್‌ನ ಗ್ರಾಸ್‌ಹಾಪರ್ ಟೆಕ್ಸಾಸಿನ ಮೆಕ್‌ಗ್ರೆಗರ್‌ನಲ್ಲಿ 2012ರ ಸೆಪ್ಟೆಂಬರ್‌ನಲ್ಲಿ ಏರಿದ್ದು ಬರೀ 1.8 ಮೀಟರ್. ಆಮೇಲೆ 5.4, 40, 80, 250, 325. ಏಳನೆಯದರಲ್ಲಿ ಮತ್ತೆ 250ಕ್ಕೇ ಇಳಿದರು, ಯಾಕೆಂದರೆ ಆ ಸಲದ ಪ್ರಶ್ನೆ ಎತ್ತರದ್ದಲ್ಲ, 100 ಮೀಟರ್ ಪಕ್ಕಕ್ಕೆ ಸರಿದು ಮರಳಿ ಬರುವುದು. 2013ರ ಅಕ್ಟೋಬರ್ 7ರ ಕೊನೆಯ ಹಾರಾಟ 744 ಮೀಟರ್. ಪರೀಕ್ಷೆಯನ್ನು ಎತ್ತರದಿಂದ ಅಳೆಯಬಾರದು, ಯಾವ ಪ್ರಶ್ನೆಗೆ ಉತ್ತರ ಹುಡುಕಿದರು ಎಂಬುದನ್ನು ನೋಡಬೇಕು.

ಗ್ರಾಸ್‌ಹಾಪರ್ ಗಾಳಿಯಲ್ಲಿ ನಿಂತಿದ್ದನ್ನು ನೋಡಿ ಗೊಂದಲ ಆಗಬಹುದು: ಇಂಜಿನ್ ಮೆರ್ಲಿನ್ನೇ ಅಲ್ಲವೇ? ಹೌದು, ಆದರೆ ಅದು ಇಂಧನವನ್ನೂ ಉಕ್ಕಿನ ಕಾಲುಗಳನ್ನೂ ಹೊತ್ತು ಭಾರವಾಗಿತ್ತು, ನೂಕುಬಲ ತೂಕಕ್ಕೆ ಸಮವಾಗಬಲ್ಲದಾಗಿತ್ತು. ಅಂದಮೇಲೆ ಖಾಲಿ ಬೂಸ್ಟರ್‌ನ ಹೋವರ್‌ಸ್ಲ್ಯಾಮ್ ಅಲ್ಲಿ ಪರೀಕ್ಷೆಗೆ ಬರಲೇ ಇಲ್ಲ. ಅದಕ್ಕೆ ನಿಜವಾದ ಉಡಾವಣೆಗಳೇ ಬೇಕಾದವು.

ಇತ್ತೀಚಿನ ಒಳ್ಳೆಯ ಉದಾಹರಣೆ ಹೋಂಡಾದ್ದು. 2025ರ ಜೂನ್ 17ರಂದು ಹೊಕ್ಕೈಡೋದ ತೈಕಿಯಲ್ಲಿ 6.3 ಮೀಟರ್ ಉದ್ದದ ಪುಟ್ಟ ರಾಕೆಟ್ 271.4 ಮೀಟರ್ ಏರಿ, 56.6 ಸೆಕೆಂಡಿನಲ್ಲಿ ಗುರಿಯಿಂದ 37 ಸೆಂಟಿಮೀಟರ್ ಆಚೆ ಇಳಿಯಿತು.

ಕೆಟ್ಟದ್ದು ಯಾವುದು, ಯಾಕೆ

2013ರ ಸೆಪ್ಟೆಂಬರ್ 29, ಫಾಲ್ಕನ್ 9ರಲ್ಲಿ ಕ್ಯಾಸಿಯೋಪ್ ಉಪಗ್ರಹದ ಉಡಾವಣೆ. ಬೂಸ್ಟರ್ ತನ್ನ ಅಕ್ಷದ ಸುತ್ತ ಗಿರಗಿರನೆ ತಿರುಗತೊಡಗಿತು. ಮಜ್ಜಿಗೆ ಕಡೆಯುವಾಗ ಕಡೆಗೋಲಿನ ಸುತ್ತ ಗುಳಿ ಬಿದ್ದು ಮಜ್ಜಿಗೆ ಪಾತ್ರೆಯ ಗೋಡೆಗೆ ಏರುತ್ತದಲ್ಲ, ತೊಟ್ಟಿಯಲ್ಲಿದ್ದ ಇಂಧನಕ್ಕೂ ಅದೇ ಆಯಿತು. ಇಂಧನವಿತ್ತು, ಇಂಜಿನ್ನಿಗೆ ಸಿಗಲಿಲ್ಲ.

2015ರ ಜನವರಿಯಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಒಯ್ದ ಸಿಆರ್‌ಎಸ್-5ರ ಬೂಸ್ಟರ್ ತಾನು ಇಳಿಯಬೇಕಿದ್ದ ಹಡಗಿನವರೆಗೂ ಬಂತು, ಆದರೆ ದಿಕ್ಕು ತಿದ್ದುವ ಜಾಲರಿ ರೆಕ್ಕೆಗಳಾದ ಗ್ರಿಡ್ ಫಿನ್‌ಗಳನ್ನು ತಿರುಗಿಸುವ ಹೈಡ್ರಾಲಿಕ್ ಎಣ್ಣೆ ಮುಗಿಯಿತು. ಅದು ಬಳಸಿದ ಎಣ್ಣೆಯನ್ನು ಹೊರಚೆಲ್ಲುವ ತೆರೆದ ವ್ಯವಸ್ಥೆಯಾಗಿತ್ತು. ಏಪ್ರಿಲ್ 14ರ ಸಿಆರ್‌ಎಸ್-6ರಲ್ಲಿ ನೂಕುಬಲ ಏರಿಳಿಸುವ ಥ್ರಾಟಲ್ ಕವಾಟ ಅಂಟಿಕೊಂಡು ತಡವಾಗಿ ಚಲಿಸಿತು. ಇದು ನಮ್ಮ ಲೆಕ್ಕಕ್ಕೆ ನೇರ ಉದಾಹರಣೆ. ಕಂಪ್ಯೂಟರ್ ‘ತಗ್ಗಿಸು’ ಅನ್ನುತ್ತದೆ, ಕವಾಟ ತಡವಾಗಿ ಕೇಳುತ್ತದೆ, ಅಷ್ಟರಲ್ಲಿ ಬೇಕಾದದ್ದು ಬೇರೆಯೇ ಆಗಿರುತ್ತದೆ. ತಿದ್ದುಪಡಿಗಳು ಒಂದರ ಹಿಂದೊಂದು ಹೊತ್ತು ತಪ್ಪಿ ಬಂದು ಬೂಸ್ಟರ್ ವಾಲಾಡಿ ಉರುಳಿತು. 2015ರ ಡಿಸೆಂಬರ್‌ನಲ್ಲಿ ಆರ್ಬ್‌ಕಾಮ್-2ರ ಬೂಸ್ಟರ್ ನೆಲದ ಮೇಲೆ ಕ್ಷೇಮವಾಗಿ ನಿಂತಿತು. ಮರುತಿಂಗಳೇ ಜೇಸನ್-3ರಲ್ಲಿ ಇಳಿದದ್ದು ಸರಿಯಾಗಿಯೇ, ಒಂದು ಕಾಲಿನ ಕೊಂಡಿ ಬೀಳದೆ ಮಗುಚಿತು.

ಕಾಲಿನ ತೊಂದರೆ ಹೊಸದೂ ಅಲ್ಲ. 1996ರ ಜುಲೈ 31ರಂದು ಡಿಸಿ-ಎಕ್ಸ್‌ನ ಸುಧಾರಿತ ರೂಪವಾದ ಡಿಸಿ-ಎಕ್ಸ್‌ಎ ಮೆತ್ತಗೆ ಇಳಿದರೂ ನಾಲ್ಕರಲ್ಲಿ ಒಂದು ಕಾಲು ಚಾಚಿಕೊಳ್ಳಲಿಲ್ಲ, ರಾಕೆಟ್ ಮಗುಚಿ ಸುಟ್ಟುಹೋಯಿತು. ಕಾರಣ, ಹಾರಾಟಕ್ಕೆ ಮುಂಚೆ ಮತ್ತೆ ಜೋಡಿಸದೆ ಉಳಿದ ಒಂದು ವಾಯುಕೊಳವೆ.

ಒಂದು ದೋಷ ತಿದ್ದಿದ್ದೇ ಇನ್ನೊಂದಕ್ಕೆ ದಾರಿಯಾದ ಕಥೆ ಸ್ಪೇಸ್‌ಎಕ್ಸ್‌ನ ದೊಡ್ಡ ನೌಕೆ ಸ್ಟಾರ್‌ಶಿಪ್‌ನದು. ಅದು ಹೊಟ್ಟೆ ಕೆಳಗಾಗಿ ಬಿದ್ದು, ಕೊನೆಯಲ್ಲಿ ಥಟ್ಟನೆ ನೆಟ್ಟಗಾಗಬೇಕು. ಆ ಹೊರಳಾಟದಲ್ಲಿ ದೊಡ್ಡ ತೊಟ್ಟಿಯ ಇಂಧನ ಅಲ್ಲೋಲಕಲ್ಲೋಲ ಆಗುವುದರಿಂದ ಇಳಿಯುವ ಪಾಲನ್ನು ಹೆಡರ್ ಟ್ಯಾಂಕ್ ಎಂಬ ಸಣ್ಣ ತೊಟ್ಟಿಗಳಲ್ಲಿ ಬೇರೆಯಾಗಿ ಇಡುತ್ತಾರೆ. 2020ರ ಡಿಸೆಂಬರ್ 9ರಂದು ಪರೀಕ್ಷಾ ಮಾದರಿ ಎಸ್‌ಎನ್-8ರಲ್ಲಿ ಮೀಥೇನ್ ಹೆಡರ್‌ನ ಒತ್ತಡ ಕುಸಿಯಿತು. ಒತ್ತಡ ಹಿಡಿದಿಡಲು ಹೀಲಿಯಂ ತುಂಬಿದರು. 2021ರ ಫೆಬ್ರವರಿ 2ರಂದು ಎಸ್‌ಎನ್-9ರಲ್ಲಿ ಇಳಿಯಲು ಹೊತ್ತಬೇಕಿದ್ದ ಎರಡು ಇಂಜಿನ್‌ಗಳಲ್ಲಿ ಒಂದು ಹೊತ್ತಲಿಲ್ಲ. ಮುಂದಿನದರಲ್ಲಿ ಇದ್ದ ಮೂರು ಇಂಜಿನ್‌ಗಳನ್ನೂ ಹೊತ್ತಿಸಿ, ಬೇಡದ್ದನ್ನು ಆರಿಸುವ ಕ್ರಮ ತಂದರು. ಮಾರ್ಚ್ 3ರ ಎಸ್‌ಎನ್-10ರಲ್ಲಿ ಆ ಹೀಲಿಯಂ ಗುಳ್ಳೆಗಳೇ ಇಂಧನದ ಜೊತೆ ಇಂಜಿನ್ನಿಗೆ ಹೋಗಿ ನೂಕುಬಲ ತಗ್ಗಿಸಿರಬೇಕು ಎಂದು ಸ್ಪೇಸ್‌ಎಕ್ಸ್ ಹೇಳಿತು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿದು ಕಾಲು ನಜ್ಜುಗುಜ್ಜಾಯಿತು, ಕೆಲವೇ ನಿಮಿಷಗಳಲ್ಲಿ ಸ್ಫೋಟಿಸಿತು. ಮೇ 5ರಂದು ಎಸ್‌ಎನ್-15 ಇಳಿದು ಉಳಿಯಿತು.

ನಮ್ಮಲ್ಲಿ

ಚಿತ್ರದುರ್ಗದ ಚಳ್ಳಕೆರೆ ಬಳಿ 2023 ಮತ್ತು 2024ರಲ್ಲಿ ಇಸ್ರೋ ಮಾಡಿದ ಪುಷ್ಪಕ್ ಪರೀಕ್ಷೆಗಳನ್ನು ಇದರೊಂದಿಗೆ ಬೆರೆಸಬೇಡಿ. ಅದು ರೆಕ್ಕೆಯ ವಾಹನ. ಹೆಲಿಕಾಪ್ಟರ್ ಮೇಲಿಂದ ಬಿಟ್ಟ ಮೇಲೆ ರನ್‌ವೇಯಲ್ಲಿ ವಿಮಾನದಂತೆ ಇಳಿಯಿತು. ನೆಟ್ಟಗೆ ಇಳಿಯಲು ಬೇಕಾದ ಕೆಲಸ ತಮಿಳುನಾಡಿನ ಮಹೇಂದ್ರಗಿರಿಯ ಪರೀಕ್ಷಾ ಕಟ್ಟೆಯಲ್ಲಿ ಕಾಣುತ್ತದೆ. 2025ರ ಜನವರಿ 17ರಂದು ಇಸ್ರೋದ ದ್ರವ ಇಂಧನದ ವಿಕಾಸ್ ಇಂಜಿನ್ನನ್ನು 60 ಸೆಕೆಂಡು ಉರಿಸಿ, 120 ಸೆಕೆಂಡು ಆರಿಸಿ, ಮತ್ತೆ 7 ಸೆಕೆಂಡು ಉರಿಸಿದರು. ಬೂಸ್ಟರ್ ಮರಳಿ ಬರಲು ಮೊದಲು ಬೇಕಾದದ್ದು ಈ ಮರುಹೊತ್ತಿಕೆಯೇ. 2018ರಲ್ಲಿ ಫಾಲ್ಕನ್ ಹೆವಿಯ ನಡುವಿನ ಬೂಸ್ಟರ್ ಸಮುದ್ರಕ್ಕೆ ಬಿದ್ದದ್ದು ಹೊತ್ತಿಸುವ ದ್ರವ ಸಾಲದೆ. ವಿಕಾಸ್‌ಗೆ ಆ ದ್ರವವೇ ಬೇಡ, ಅದರ ಇಂಧನ ಮತ್ತು ಆಕ್ಸಿಡೈಸರ್ ಒಂದನ್ನೊಂದು ಮುಟ್ಟಿದೊಡನೆ ತಾವೇ ಹೊತ್ತಿಕೊಳ್ಳುತ್ತವೆ. ಆದರೆ ಎರಡೂ ವಿಷಕಾರಿ. ಇಂಥ ಇಂಜಿನ್ನಿನ ಮೇಲೆ ಇಳಿದು ನಿಂತ ಬೂಸ್ಟರ್‌ನ ಹತ್ತಿರ ಜನ ಹೋಗುವ ಮುನ್ನ, ಉಳಿದ ದ್ರವವನ್ನು ಹೊರಹಾಕಿ ಕೊಳವೆಗಳನ್ನು ಶುದ್ಧಗೊಳಿಸುವ ಕೆಲಸ ಇದ್ದೇ ಇರುತ್ತದೆ.