ಚೆಲ್ಸಿಯಲ್ಲಿ ಬೆಂಚ್ ಕಾದ ಸಲಾ ಲಿವರ್‌ಪೂಲ್‌ನಲ್ಲಿ ಮಿಂಚಿದ್ದು ಹೇಗೆ?

ಓದುಗರ ಪ್ರಶ್ನೆ: ಈಜಿಪ್ಟಿನ ಫುಟ್‌ಬಾಲ್ ಆಟಗಾರ ಮೊಹಮ್ಮದ್ ಸಲಾ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ಗೂ ಮೊದಲು ಅಲ್ಲಿನದೇ ಚೆಲ್ಸಿ ಕ್ಲಬ್ಬಿನಲ್ಲಿ ಇದ್ದರಂತೆ. ಅಲ್ಲಿ ಫ್ಲಾಪ್ ಆಗಿದ್ದವರು ಮತ್ತೆ ಅದೇ ಇಂಗ್ಲೆಂಡಿಗೆ ಬಂದು ದಾಖಲೆ ಮುರಿದಿದ್ದು ಹೇಗೆ?

ಉತ್ತರ: ಮೊದಲು ಆ ‘ಫ್ಲಾಪ್’ ಅನ್ನೋ ಮಾತನ್ನೇ ನೋಡೋಣ. 2014ರ ಜನವರಿಯಲ್ಲಿ ಚೆಲ್ಸಿ ಸೇರಿದ ಸಲಾ, ಮುಂದಿನ ವರ್ಷದ ಫೆಬ್ರವರಿ ಹೊತ್ತಿಗೆ ಅಲ್ಲಿಂದ ಹೊರಟಾಗಿತ್ತು. ಈ ಒಂದು ವರ್ಷದಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಮೈದಾನಕ್ಕಿಳಿದದ್ದು 13 ಪಂದ್ಯಗಳಲ್ಲಿ. ಎರಡನೇ ಸೀಸನ್‌ನಲ್ಲಂತೂ ಮೂರೇ ಮೂರು. ಆ 13ರಲ್ಲಿ 2 ಗೋಲು ಹೊಡೆದಿದ್ದರು. ಪೂರ್ತಿ ಸೀಸನ್ ಆಡಿಯೂ ಏನೂ ಮಾಡದವರನ್ನು ಫ್ಲಾಪ್ ಅನ್ನಬಹುದು. ಆಡಲು ಬಿಡದವರನ್ನು ಹಾಗನ್ನೋದು ನ್ಯಾಯವಲ್ಲ.

ಚೆಲ್ಸಿ ಅವರನ್ನು ಕೊಂಡಿದ್ದೂ ಸುಮ್ನೆ ಅಲ್ಲ. 2013ರಲ್ಲಿ, ಸಲಾ ಆಗ ಆಡುತ್ತಿದ್ದ ಸ್ವಿಟ್ಜರ್ಲೆಂಡಿನ ಬಾಸೆಲ್ ತಂಡ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್ ಸೆಮಿಫೈನಲ್‌ನಲ್ಲಿ ಚೆಲ್ಸಿಗೆ ಎದುರಾದಾಗ ಸಲಾ ಗೋಲು ಹೊಡೆದರು. ಅದೇ ವರ್ಷ ಯುರೋಪಿನ ಇನ್ನೂ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಎರಡೂ ತಂಡಗಳು ಮತ್ತೆ ಎದುರಾದವು. ಲಂಡನ್ನಿನಲ್ಲೂ ಬಾಸೆಲ್‌ನಲ್ಲೂ ಸಲಾ ಗೋಲು ಹೊಡೆದರು, ಎರಡೂ ಸಲ ಚೆಲ್ಸಿ ಸೋತಿತು. ಆ ಚಳಿಗಾಲದಲ್ಲಿ ಅವರ ಹಿಂದೆ ಬಿದ್ದಿದ್ದು ಲಿವರ್‌ಪೂಲ್. ಮಾತುಕತೆ ನಡೆಯುತ್ತಿರುವಾಗಲೇ ಚೆಲ್ಸಿ ನಡುವೆ ಬಂದು ಸುಮಾರು 1.1 ಕೋಟಿ ಪೌಂಡ್ ಕೊಟ್ಟು ಕೊಂಡುಕೊಂಡಿತು.

ಬಾಸೆಲ್‌ವರೆಗಿನ ದಾರಿಯನ್ನೂ ಹೇಳಲೇಬೇಕು. ಅದು ಗೊತ್ತಿಲ್ಲದೆ ಆಮೇಲಿನದು ಅರ್ಥವಾಗೋದಿಲ್ಲ.

ಸಲಾ ಹುಟ್ಟಿದ್ದು 1992ರಲ್ಲಿ, ನೈಲ್ ನದಿಯ ಮುಖಜಭೂಮಿಯ ನಗ್ರಿಗ್ ಎಂಬ ಹಳ್ಳಿಯಲ್ಲಿ. ಹದಿನಾಲ್ಕರ ವಯಸ್ಸಿಗೆ ಕೈರೋದ ಅರಬ್ ಕಾಂಟ್ರ್ಯಾಕ್ಟರ್ಸ್ ಕ್ಲಬ್ಬಿನಲ್ಲಿ ಜಾಗ ಸಿಕ್ಕಿತು. ಬೆಳಗ್ಗೆ 7ರಿಂದ 9ರವರೆಗೆ ಶಾಲೆ. ಬೇಗ ಬಿಡಲು ಕ್ಲಬ್ಬಿನಿಂದ ಒಂದು ಪತ್ರ. ಅದನ್ನು ತೋರಿಸಿ ಹೊರಟರೆ ಒಂದು ಬಸ್ಸು, ಇಳಿದು ಇನ್ನೊಂದು, ಮತ್ತೆ ಮತ್ತೊಂದು. ನಾಲ್ಕೈದು ಬಸ್ಸು ಬದಲಿಸಿ ನಾಲ್ಕು, ನಾಲ್ಕೂವರೆ ಗಂಟೆ ದಾರಿ. ಸಂಜೆ ಅಭ್ಯಾಸ ಮುಗಿಸಿ ಮತ್ತೆ ಅಷ್ಟೇ ಬಸ್ಸು. ಮನೆ ಸೇರುವಾಗ ರಾತ್ರಿ ಹತ್ತು, ಹತ್ತೂವರೆ. ಊಟ, ನಿದ್ದೆ, ಬೆಳಗಾದರೆ ಮತ್ತೆ ಅದೇ. ವಾರಕ್ಕೆ ಐದು ದಿನ, ಹೀಗೇ ಮೂರ್ನಾಲ್ಕು ವರ್ಷ. ಇದನ್ನು ಸಲಾ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

2012ರ ಫೆಬ್ರವರಿ 1ರಂದು ಪೋರ್ಟ್ ಸಯೀದ್ ಕ್ರೀಡಾಂಗಣದಲ್ಲಿ ಪಂದ್ಯ ಮುಗಿಯುತ್ತಿದ್ದಂತೆ ಗಲಭೆಯಾಯಿತು. 74 ಜನ ಸತ್ತರು. ಆಟ ನೋಡಲು ಹೋದವರು ಮನೆಗೆ ಮರಳಲಿಲ್ಲ. ಈಜಿಪ್ಟಿನ ಲೀಗ್ ನಿಂತೇಹೋಯಿತು. ಆಡಲು ಪಂದ್ಯಗಳಿಲ್ಲದ ಆ ದಿನಗಳಲ್ಲಿ ಬಾಸೆಲ್ ಕ್ಲಬ್ ಈಜಿಪ್ಟಿನ 23 ವರ್ಷದೊಳಗಿನವರ ತಂಡದ ಜೊತೆ ಒಂದು ಸೌಹಾರ್ದ ಪಂದ್ಯ ಇಟ್ಟುಕೊಂಡಿತು. ಸಲಾ ಇಳಿದದ್ದು ದ್ವಿತೀಯಾರ್ಧದಲ್ಲಿ. ಹೊಡೆದದ್ದು 2 ಗೋಲು. ಪಂದ್ಯ 4-3ರಲ್ಲಿ ಈಜಿಪ್ಟಿನದಾಯಿತು, ಹುಡುಗನನ್ನು ಬಾಸೆಲ್ ಬಿಡಲಿಲ್ಲ.

ಇನ್ನು ಚೆಲ್ಸಿಯಲ್ಲಿ ಆಗಿದ್ದೇನು? ಆಗ ಕೋಚ್ ಜೋಸೆ ಮೊರಿನ್ಹೊ. ಗೋಲಿನ ಹತ್ತಿರ ಆಡಲು ಹಜಾರ್ಡ್, ವಿಲಿಯನ್, ಆಸ್ಕರ್, ಶುರ್ಲೆ ಎಲ್ಲ ಇದ್ದರು. ಮೈದಾನದ ಅಂಚಿನಲ್ಲಿ (ವಿಂಗ್) ಆಡುವವರು ಹಿಂದಕ್ಕೆ ಓಡಿ ರಕ್ಷಣೆಗೂ ನಿಲ್ಲಬೇಕು ಅನ್ನೋದು ಮೊರಿನ್ಹೊ ಪದ್ಧತಿ. 21ರ ಸಲಾ ಆಟ ಚೆಂಡಿನ ಜೊತೆ ಮುಂದಕ್ಕೆ ಓಡೋದು. ಅದರ ಮೇಲೆ 2014ರ ಬೇಸಿಗೆಯಲ್ಲಿ ಇನ್ನೊಂದು ಕಷ್ಟ. ಊರಿನಲ್ಲಿ ಅವರ ಓದಿನ ನೋಂದಣಿ ರದ್ದಾಗಿ, ಓದುವವರಿಗೆ ಸಿಗುವ ವಿನಾಯಿತಿ ತಪ್ಪಿ, ಕಡ್ಡಾಯ ಸೇನಾ ಸೇವೆಗೆ ವಾಪಸ್ ಹೋಗಬೇಕಾದ ಪರಿಸ್ಥಿತಿ ಬಂತು. ಕೊನೆಗೆ ಪ್ರಧಾನಿ ಮಟ್ಟದಲ್ಲಿ ಮಾತುಕತೆಯಾಗಿ ಅದು ಬಗೆಹರಿಯಿತು. ಹೊಸ ದೇಶ, ಹೊಸ ಭಾಷೆ, ಬೆಂಚ್ ಮೇಲೆ ಕೂತು ಕಾಯೋದು, ಜೊತೆಗೆ ಇದು. ಆ ವಯಸ್ಸಿಗೆ ಜಾಸ್ತಿನೇ ಆಯ್ತು, ಅಲ್ವಾ? ಮುಂದೆ ಮ್ಯಾಂಚೆಸ್ಟರ್ ಸಿಟಿಯಲ್ಲಿ ಮಿಂಚಿದ ಕೆವಿನ್ ಡಿ ಬ್ರೂಯ್ನ ಕೂಡ ಅದೇ ಚೆಲ್ಸಿಯಲ್ಲಿ ಅವಕಾಶ ಸಿಗದೆ ಹೊರಟವರು. ಹಾಗಾಗಿ ಕೊರತೆ ಸಲಾ ಕಾಲಿನಲ್ಲಿತ್ತು ಅನ್ನೋದನ್ನು ನಾನು ಒಪ್ಪಲ್ಲ.

ಈ ಪ್ರಶ್ನೆಗೆ ನಿಜವಾದ ಉತ್ತರ ಇರೋದು ಇಟಲಿಯಲ್ಲಿ. ಚೆಲ್ಸಿ ಮತ್ತು ಲಿವರ್‌ಪೂಲ್ ನಡುವಿನ ಆ ಎರಡೂವರೆ ವರ್ಷಗಳನ್ನು ನಾವು ಮರೆತುಬಿಡ್ತೇವೆ.

2015ರ ಫೆಬ್ರವರಿಯಲ್ಲಿ ತಾತ್ಕಾಲಿಕವಾಗಿ (ಲೋನ್ ಮೇಲೆ) ಇಟಲಿಯ ಫಿಯೊರೆಂಟಿನಾ ಕ್ಲಬ್ ಸೇರಿದ ಸಲಾ ಬೆನ್ನಿಗೆ ಹಾಕಿಸಿಕೊಂಡ ನಂಬರ್ 74. ಪೋರ್ಟ್ ಸಯೀದ್‌ನಲ್ಲಿ ಸತ್ತವರ ನೆನಪಿಗೆ. ಒಂದು ತಿಂಗಳಲ್ಲಿ ಟ್ಯೂರಿನ್‌ನಲ್ಲಿ ಯುವೆಂಟಸ್ ಎದುರು ಇಟಾಲಿಯನ್ ಕಪ್ ಸೆಮಿಫೈನಲ್. ತಮ್ಮ ತಂಡದ ಅರ್ಧದಲ್ಲೇ ಚೆಂಡು ಸಿಕ್ಕಿತು. ಅಲ್ಲಿಂದ ಓಟ. ಬೆನ್ನಟ್ಟಿದವರು ಹಿಂದುಳಿದರು, ಎದುರಿದ್ದವರು ಹಿಂದೆ ಹಿಂದೆ ಸರಿಯುತ್ತಾ ಹೋದರು. ಪೆನಾಲ್ಟಿ ಬಾಕ್ಸ್ ಒಳಗೆ ಬಂದು ಎಡಗಾಲಲ್ಲಿ ಬಾರಿಸಿದ ಚೆಂಡು ಗೋಲಿನ ಮೇಲ್ಭಾಗಕ್ಕೆ ನುಗ್ಗಿತು. ಆ ರಾತ್ರಿ ಅವರದು 2 ಗೋಲು. ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಸೋತು ಫಿಯೊರೆಂಟಿನಾ ಹೊರಬಿತ್ತು, ಆದರೆ ಆ ಓಟವನ್ನು ನೋಡಿದವರು ಮರೆಯಲಿಲ್ಲ.

ನಂತರ ಇಟಲಿಯದೇ ರೋಮಾ ಕ್ಲಬ್. ಅಲ್ಲಿ ಲೀಗ್‌ನಲ್ಲಿ ಮೊದಲ ವರ್ಷ 14, ಎರಡನೇ ವರ್ಷ 15 ಗೋಲು. ಎತ್ತರದ ಎಡಿನ್ ಜೆಕೊ ಡಿಫೆಂಡರ್‌ಗಳನ್ನು ತಡೆದು ಹಿಡಿದರೆ, ಸಲಾ ಅವರ ಬೆನ್ನ ಹಿಂದಿನ ಜಾಗಕ್ಕೆ ನುಗ್ಗುತ್ತಿದ್ದರು. ವಾರ ವಾರವೂ ಪೂರ್ತಿ ಪಂದ್ಯ ಆಡಿ ಆಡಿಯೇ ಅವರ ಕಾಲು ಹದಕ್ಕೆ ಬಂದಿದ್ದು. ಯಾವಾಗ ಓಡಬೇಕು, ಗೋಲ್‌ಕೀಪರ್ ಎದುರು ಎಷ್ಟು ಹೊತ್ತು ತಾಳಬೇಕು ಅನ್ನೋದನ್ನು ಬೆಂಚ್ ಮೇಲೆ ಕೂತು ಕಲಿಯೋಕಾಗಲ್ಲ.

2017ರಲ್ಲಿ ಲಿವರ್‌ಪೂಲ್ ಕೋಚ್ ಯುರ್ಗನ್ ಕ್ಲಾಪ್‌ಗೆ ಮೊದಲು ಬೇಕಿದ್ದದ್ದು ಜರ್ಮನಿಯ ಯೂಲಿಯಾನ್ ಬ್ರಾಂಟ್. ಅಂಕಿ-ಅಂಶ ಹಿಡಿದು ಆಟಗಾರರನ್ನು ಹುಡುಕುವ ಕ್ಲಬ್ಬಿನ ಮಂದಿ, ಸಲಾನೇ ಬೇಕು ಎಂದು ಬಿಡದೆ ಕಿವಿಗೆ ಹಾಕುತ್ತಿದ್ದರು ಅಂತ ಕ್ಲಾಪ್ ಆಮೇಲೆ ಹೇಳಿದರು. ಇಲ್ಲಿ ಸಲಾಗೆ ತಕ್ಕ ಕೆಲಸ ಕಾದಿತ್ತು. ನಡುವೆ ಆಡುವ ಫರ್ಮಿನೊ ಬೇಕೆಂದೇ ಹಿಂದೆ ಸರಿಯುತ್ತಿದ್ದರು. ಅವರನ್ನು ಹಿಂಬಾಲಿಸಿ ಡಿಫೆಂಡರ್ ಮುಂದೆ ಬಂದರೆ ಹಿಂದೆ ಬಾಗಿಲು ತೆರೆದ ಹಾಗೆ. ಬಲಗಡೆಯಿಂದ ಎಡಗಾಲಿನ ಸಲಾ ಒಳಕ್ಕೆ ನುಗ್ಗುತ್ತಿದ್ದರು. ಅವರು ಬಿಟ್ಟ ಅಂಚಿನ ಜಾಗಕ್ಕೆ ಹಿಂದಿನಿಂದ ಫುಲ್‌ಬ್ಯಾಕ್ (ಅಂಚಿನ ರಕ್ಷಣಾ ಆಟಗಾರ) ಓಡಿ ಬರುತ್ತಿದ್ದರು. ಮೊದಲ ಸೀಸನ್‌ನಲ್ಲೇ ಲೀಗ್‌ನಲ್ಲಿ 32 ಗೋಲು. 38 ಪಂದ್ಯಗಳ ಪ್ರೀಮಿಯರ್ ಲೀಗ್‌ಗೆ ಆಗ ಅದೇ ದಾಖಲೆ. ಮುಂದೆ ಅದನ್ನು ಮ್ಯಾಂಚೆಸ್ಟರ್ ಸಿಟಿಯ ಆಟಗಾರ ಎರ್ಲಿಂಗ್ ಹಾಲಂಡ್ ಮುರಿದರು. 2024-25ರಲ್ಲಿ, 32ರ ವಯಸ್ಸಿನಲ್ಲಿ, ಸಲಾ 29 ಗೋಲು ಹೊಡೆದು ಇನ್ನೂ 18 ಗೋಲುಗಳಿಗೆ ಪಾಸ್ ಕೊಟ್ಟರು. ಲಿವರ್‌ಪೂಲ್ ಲೀಗ್ ಗೆದ್ದಿತು.

ಚೆಲ್ಸಿ ಎದುರಿನ ಒಂದು ಗೋಲು ಮಾತ್ರ ಹೇಳದೆ ಇರಲಾರೆ. 2019ರ ಏಪ್ರಿಲ್ 14, ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್. ಬಲ ಅಂಚಿನಿಂದ ಒಳಕ್ಕೆ ಬಂದ ಸಲಾ ಸುಮಾರು 25 ಗಜ ದೂರದಿಂದ ಎಡಗಾಲಲ್ಲಿ ಹೊಡೆದರು. ಚೆಂಡು ಗೋಲಿನ ಮೇಲಿನ ಮೂಲೆಗೆ ಹೋಗಿ ಬಿತ್ತು. ಆಮೇಲೆ ಕೂಗಾಡಲಿಲ್ಲ. ಒಂದೇ ಕಾಲಿನ ಮೇಲೆ ನಿಂತು, ಕೈ ಜೋಡಿಸಿ, ಕಣ್ಣು ಮುಚ್ಚಿದರು. ನಮ್ಮ ವೃಕ್ಷಾಸನ.