ಗುಂಡಿನ ದಾಳಿಯ ಸುದ್ದಿ ಬಂದಾಗ ಪ್ರಾರ್ಥಿಸಿದರೆ ಸಾಕೇ?

ಪ್ರಶ್ನೆ: ಅಮೆರಿಕದ ಯಾವುದಾದರೂ ಶಾಲೆಯಲ್ಲೋ ಚರ್ಚಿನಲ್ಲೋ ಗುಂಡಿನ ದಾಳಿ ನಡೆದಾಗಲೆಲ್ಲ ಅಲ್ಲಿನ ಮುಖಂಡರು ‘ನಿಮಗಾಗಿ ಪ್ರಾರ್ಥಿಸುತ್ತಿದ್ದೇವೆ’ ಎನ್ನುತ್ತಾರೆ. ಆ ಮಾತು ಕೇಳಿದರೆ ಈಗ ಅಲ್ಲಿನ ಅನೇಕರಿಗೆ ಸಿಟ್ಟು ಬರುತ್ತದೆಯಂತೆ. ನನ್ನ ತಂಗಿಯ ಕುಟುಂಬ ಟೆಕ್ಸಾಸಿನಲ್ಲಿದೆ. ಇಂಥ ಸುದ್ದಿ ಬಂದಾಗ ನಮ್ಮ ಸಭೆಯಲ್ಲೂ ಪ್ರಾರ್ಥಿಸುತ್ತೇವೆ. ಪ್ರಾರ್ಥನೆ ಸಾಲದೇ? ಕ್ರೈಸ್ತರು ಇನ್ನೇನು ಮಾಡಬೇಕು?

ಉತ್ತರ: ಸಾಲದು. ಹಾಗೆಂದು ಪ್ರಾರ್ಥನೆಯನ್ನು ಬಿಡಬೇಕಾಗಿಯೂ ಇಲ್ಲ. ಜನರ ಸಿಟ್ಟು ಯಾವುದರ ಮೇಲೆ ಎಂಬುದನ್ನು ಮೊದಲು ನೋಡೋಣ.

2025ರ ಆಗಸ್ಟ್ 27ರ ಬೆಳಿಗ್ಗೆ ಮಿನಿಯಾಪೊಲಿಸ್ ನಗರದ ಅನನ್ಸಿಯೇಶನ್ ಕ್ಯಾಥೊಲಿಕ್ ಚರ್ಚಿನಲ್ಲಿ ಶಾಲೆಯ ಮಕ್ಕಳು ಬಲಿಪೂಜೆಗೆ (ಮಾಸ್ ಎಂಬ ಆರಾಧನೆಗೆ) ಕುಳಿತಿದ್ದರು. ಶಾಲೆ ಶುರುವಾದ ಮೊದಲ ವಾರ. ಕಿಟಕಿಗಳನ್ನು ಸೀಳಿಕೊಂಡು ಹೊರಗಿನಿಂದ ಬಂದ ಗುಂಡುಗಳಿಗೆ ಎಂಟು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು ಬಲಿಯಾದರು. ಆ ಮಕ್ಕಳು ಪ್ರಾರ್ಥನೆಯಲ್ಲೇ ಇದ್ದರು, ಇನ್ನು ಬರಿಯ ಪ್ರಾರ್ಥನೆಯ ಮಾತು ಬೇಡ ಎಂದು ನಗರದ ಮೇಯರ್ ಜೇಕಬ್ ಫ್ರೇ ನೊಂದು ನುಡಿದರು. ಕೆಲವರು ಅದನ್ನು ನಂಬಿಕೆಯ ಮೇಲಿನ ದಾಳಿಯೆಂದು ತೆಗೆದುಕೊಂಡರು. ನನಗೆ ಮಾತ್ರ ಅದು ಬೈಬಲ್ಲಿನ ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯದ ಹಾಗೆಯೇ ಕೇಳಿಸಿತು. ಬಟ್ಟೆಯೂ ಆ ಹೊತ್ತಿನ ಊಟವೂ ಇಲ್ಲದ ಸಹೋದರನಿಗೆ ಏನನ್ನೂ ಕೊಡದೆ, ಬೆಚ್ಚಗಿರು, ಹೊಟ್ಟೆತುಂಬ ಉಣ್ಣು ಎಂದು ಹರಸಿ ಕಳುಹಿಸಿದರೆ ಬಂದ ಭಾಗ್ಯವೇನು ಎಂದು ಯಾಕೋಬನು ಕೇಳುತ್ತಾನೆ. ಮಾಡಬಲ್ಲವನು ಮಾಡದೆ, ಆ ಜಾಗದಲ್ಲಿ ಪ್ರಾರ್ಥನೆಯನ್ನು ತಂದಿಟ್ಟರೆ ಅಪಮಾನವಾಗುವುದು ಪ್ರಾರ್ಥನೆಗೇ. ಮುಂದಿನ ಭಾನುವಾರ ಪೋಪ್ ಹದಿನಾಲ್ಕನೇ ಲಿಯೋ ಆ ಮಕ್ಕಳಿಗಾಗಿ ಪ್ರಾರ್ಥಿಸುವಾಗ, ಲೋಕಕ್ಕೆ ಅಂಟಿರುವ ಸಣ್ಣ ದೊಡ್ಡ ಆಯುಧಗಳ ಪಿಡುಗನ್ನು ನಿಲ್ಲಿಸೆಂದೂ ದೇವರನ್ನು ಬೇಡಿದರು. ಆಯುಧದ ಹೆಸರೆತ್ತದ ಪ್ರಾರ್ಥನೆಗಿಂತ ಇದು ಎಷ್ಟೋ ಪ್ರಾಮಾಣಿಕ.

ಹಾಗಾದರೆ ಪ್ರಾರ್ಥನೆಯ ಕೆಲಸವೇನು? ಮೊದಲನೆಯದು ಅಳುವುದು. ಕೀರ್ತನೆಗಳ ಪುಸ್ತಕದಲ್ಲಿ ‘ಇನ್ನೆಷ್ಟರವರೆಗೆ’ ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುವ ಮೊರೆಗಳಿವೆ. ಹದಿಮೂರನೆಯದು ಶುರುವಾಗುವುದೇ ಹಾಗೆ. ಸತ್ತವರನ್ನು ಲೆಕ್ಕದ ಸಂಖ್ಯೆಯಾಗಲು ಬಿಡದಿರುವುದು ಎರಡನೆಯದು. ಫಿಲಡೆಲ್ಫಿಯಾದಲ್ಲಿ 2009ರಲ್ಲಿ ಶಾಂತಿವಾದಿ ಸಭೆಗಳ ಕೂಟವೊಂದರಿಂದ ಹುಟ್ಟಿದ ‘ಹೀಡಿಂಗ್ ಗಾಡ್ಸ್ ಕಾಲ್’ ಎಂಬ ಸಂಘಟನೆಯವರು ಚರ್ಚಿನ ಹುಲ್ಲುಹಾಸಿನ ಮೇಲೆ ಸಾಲಾಗಿ ಕಂಬಗಳನ್ನು ನೆಟ್ಟು, ಒಂದೊಂದಕ್ಕೂ ಒಂದೊಂದು ಟಿ-ಶರ್ಟ್ ತೊಡಿಸುತ್ತಾರೆ. ಅದರ ಮೇಲೆ ಆ ಊರಿನಲ್ಲಿ ಗುಂಡಿಗೆ ಬಲಿಯಾದ ಒಬ್ಬರ ಹೆಸರು, ವಯಸ್ಸು, ಸತ್ತ ದಿನ. ಆರಾಧನೆಗೆ ಬರುವವರು ಆ ಅಂಗಿಗಳ ನಡುವೆಯೇ ನಡೆದು ಒಳಗೆ ಹೋಗಬೇಕು. ಇದೇ ಗುಂಪಿನ ಹನ್ನೆರಡು ಮಂದಿ ಅದೇ ವರ್ಷದ ಜನವರಿಯಲ್ಲಿ ನಗರದ ಬಂದೂಕಿನ ಅಂಗಡಿಯೊಂದರ ಮುಂದೆ ಧರಣಿ ಕುಳಿತು ಬಂಧನಕ್ಕೊಳಗಾದರು. ಕಾನೂನಿನಂತೆ ಬಂದೂಕು ಕೊಳ್ಳಲಾಗದ ಬೇರೆಯವರ ಪರವಾಗಿ ಕೊಳ್ಳಲು ಬಂದವರಿಗೆ ಮಾರಬೇಡಿ ಎಂಬುದು ಅವರ ಬೇಡಿಕೆ. ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ವರ್ಷ ಮುಗಿಯುವ ಮೊದಲೇ ಆ ಅಂಗಡಿ ಮುಚ್ಚಿತು.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಚಾರ್ಲ್ಸ್‌ಟನ್. 2015ರ ಜೂನ್ 17, ಬುಧವಾರ ಸಂಜೆ. ದಕ್ಷಿಣ ಕ್ಯಾರೊಲಿನಾದ ಆ ನಗರದ ಎಮ್ಯಾನುಯೆಲ್ ಚರ್ಚು ಕಪ್ಪುಜನರ ಪುರಾತನ ಸಭೆ. ಬೈಬಲ್ ಅಧ್ಯಯನ ನಡೆಯುತ್ತಿತ್ತು. ಅಂದಿನ ಪಾಠ ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯದ ಬಿತ್ತುವವನ ಸಾಮ್ಯ. ಪರಿಚಯವಿಲ್ಲದ ಬಿಳಿಯ ಯುವಕನೊಬ್ಬ ಬಂದ. ಅವನನ್ನು ಬರಮಾಡಿಕೊಂಡು ಕೂರಿಸಿ, ಕೈಗೆ ಬೈಬಲ್ ಕೊಟ್ಟರು. ಸುಮಾರು ಒಂದು ಗಂಟೆ ಕುಳಿತಿದ್ದ ಅವನು, ಮುಕ್ತಾಯದ ಪ್ರಾರ್ಥನೆಗೆ ಎಲ್ಲರೂ ಕಣ್ಣುಮುಚ್ಚಿದಾಗ ಗುಂಡು ಹಾರಿಸಿದ. 26ರ ಯುವಕನಿಂದ ಹಿಡಿದು 87ರ ಅಜ್ಜಿಯವರೆಗೆ ಒಂಬತ್ತು ಮಂದಿ ಸತ್ತರು. ಆ ರಾಜ್ಯದ ಸೆನೆಟರ್ ಕೂಡ ಆಗಿದ್ದ ಸಭಾಪಾಲಕ ಕ್ಲೆಮೆಂಟಾ ಪಿಂಕ್ನಿ ಅವರಲ್ಲೊಬ್ಬರು.

ಎರಡೇ ದಿನಗಳಲ್ಲಿ, ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದಾಗ, ಸತ್ತವರ ಮನೆಯವರಲ್ಲಿ ಕೆಲವರು ‘ನಿನ್ನನ್ನು ಕ್ಷಮಿಸಿದ್ದೇನೆ’ ಎಂದರು. ಜಗತ್ತು ಬೆರಗಾಯಿತು. ನಮ್ಮ ಪ್ರಸಂಗಗಳಲ್ಲೂ ಈ ಕಥೆ ಇಲ್ಲಿಗೇ ಮುಗಿದುಬಿಡುತ್ತದೆ. ಅದರ ಮುಂದಿನ ಭಾಗವನ್ನೂ ಹೇಳಬೇಕು. ತಾಯಿಯನ್ನೂ ಇಬ್ಬರು ಸಂಬಂಧಿಕರನ್ನೂ ಕಳೆದುಕೊಂಡ ಶರಾನ್ ರಿಷರ್ ಆಗ ಡಲ್ಲಾಸಿನ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಆತ್ಮಿಕ ಸಾಂತ್ವನ ಹೇಳುವ ಸೇವಕಿ. ಅವರ ತಂಗಿ ಅಂದೇ ಕ್ಷಮಿಸಿದರು. ಶರಾನ್ ಅವರಿಗೆ ಅದು ಸಾಧ್ಯವಾಗಲಿಲ್ಲ, ಎಷ್ಟೋ ಕಾಲ ಹಿಡಿಯಿತು. ಅದನ್ನು ಅವರು ಮುಚ್ಚಿಡಲಿಲ್ಲ. ಬಂದೂಕಿನ ಕಾನೂನು ಬಿಗಿಯಾಗಬೇಕೆಂದು ಊರೂರು ಸುತ್ತಿ ಮಾತಾಡತೊಡಗಿದರು. ನೊಂದವರಿಗೆ ಕ್ಷಮಿಸು ಎಂದು ಆತುರಪಡಿಸುವ ಹಕ್ಕು ಹೊರಗೆ ನಿಂತ ನಮಗಿಲ್ಲ.

ಕಾನೂನಿನ ವಿಷಯ ಇಲ್ಲಿ ಏಕೆ ಬಂತೆಂದರೆ, ಆ ಯುವಕನ ಕೈಗೆ ಪಿಸ್ತೂಲು ಸಿಕ್ಕಿದ್ದೇ ಒಂದು ಕಿಂಡಿಯಿಂದ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕಿಗೆ ಪರವಾನಗಿ ಬೇಕು. ಅಲ್ಲಿ ಆಯುಧ ಹೊಂದುವುದು ಸಂವಿಧಾನ ಕೊಟ್ಟ ಹಕ್ಕು; ಪರವಾನಗಿ ಪಡೆದ ವ್ಯಾಪಾರಿ ಮಾರುವ ಮೊದಲು ಕೊಳ್ಳುವವನ ಹಿನ್ನೆಲೆಯನ್ನು ಪರಿಶೀಲಿಸಬೇಕು. 1993ರ ಬ್ರೇಡಿ ಕಾಯ್ದೆಯಂತೆ ಮೂರು ಕೆಲಸದ ದಿನಗಳೊಳಗೆ ಕೇಂದ್ರದ ತನಿಖಾ ಸಂಸ್ಥೆಯಾದ ಎಫ್‌ಬಿಐ ಉತ್ತರ ಕೊಡದಿದ್ದರೆ ವ್ಯಾಪಾರಿ ಮಾರಿಬಿಡಬಹುದು. ಈ ಯುವಕನ ಮಾದಕವಸ್ತು ಪ್ರಕರಣದ ದಾಖಲೆ ಸಮಯಕ್ಕೆ ಸಿಗಲಿಲ್ಲ; ದಿನ ಮುಗಿಯಿತು, ಪಿಸ್ತೂಲು ಕೈಸೇರಿತು. ಈ ಮಾರಾಟ ತಡೆಯಬೇಕಾಗಿತ್ತೆಂದು ಎಫ್‌ಬಿಐ ಮುಖ್ಯಸ್ಥರೇ ಆಮೇಲೆ ಒಪ್ಪಿಕೊಂಡರು. 2021ರಲ್ಲಿ ಸರ್ಕಾರ ಸಂತ್ರಸ್ತರಿಗೆ 8.8 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಆ ಅವಧಿಯನ್ನು ಹೆಚ್ಚಿಸುವ ಮಸೂದೆ ಕೆಳಮನೆಯಲ್ಲಿ 2019ರಲ್ಲೂ 2021ರಲ್ಲೂ ಅಂಗೀಕಾರವಾಯಿತು, ಸೆನೆಟ್ ದಾಟಲಿಲ್ಲ. ‘ಕರ್ತನೇ, ಇನ್ನೊಂದು ಸಭೆಗೆ ಹೀಗಾಗದಿರಲಿ’ ಎಂದು ಬೇಡಿದ ಮತದಾರ, ತನ್ನ ಸೆನೆಟರಿಗೆ ಒಂದು ಪತ್ರ ಬರೆಯದೆ ಹೇಗೆ ಸುಮ್ಮನಿರಬಲ್ಲ?

ಎಲ್ಲ ಕೆಲಸವೂ ಶಾಸನಸಭೆಯಲ್ಲೇ ಆಗಬೇಕಿಲ್ಲ. ಶಾಂತಿವಾದಿ ಪಂಗಡವಾದ ಮೆನೋನೈಟರ ಸಭಾಸೇವಕ, ಕೊಲರಾಡೊದ ಮೈಕ್ ಮಾರ್ಟಿನ್, ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಮತ್ತು 6 ಮಂದಿ ದೊಡ್ಡವರ ಹತ್ಯೆಯಾದ ಬಳಿಕ ಕಮ್ಮಾರಿಕೆ ಕಲಿತು, 2013ರಲ್ಲಿ ‘ರಾಟೂಲ್ಸ್’ ಎಂಬ ಸಂಸ್ಥೆ ಆರಂಭಿಸಿದರು. ಮನೆಯಲ್ಲಿ ಬೇಡವಾದ ಬಂದೂಕನ್ನು ಜನ ತಂದುಕೊಡುತ್ತಾರೆ. ಮತ್ತೆ ಜೋಡಿಸಲಾಗದಂತೆ ಗರಗಸದಿಂದ ಕತ್ತರಿಸುತ್ತಾರೆ. ಬಳಿಕ ನಳಿಗೆ ಕುಲುಮೆಗೆ ಹೋಗುತ್ತದೆ. ಕಿತ್ತಳೆ ಬಣ್ಣಕ್ಕೆ ಕಾದ ಕಬ್ಬಿಣವನ್ನು ಇಕ್ಕುಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಾರೆ. ಆರಿದರೆ ಮತ್ತೆ ಬೆಂಕಿಗೆ. ಕೊಳವೆ ಚಪ್ಪಟೆಯಾಗಿ, ಅಲಗಾಗಿ, ತೋಟದ ಕೈಗುದ್ದಲಿಯಾಗುತ್ತದೆ. ಗುಂಡಿಗೆ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಕೈಗೂ ಸುತ್ತಿಗೆ ಕೊಡುತ್ತಾರೆ. ಕತ್ತಿಗಳನ್ನು ನೇಗಿಲ ಗುಳಗಳಾಗಿ, ಬರ್ಜಿಗಳನ್ನು ಕುಡುಗೋಲುಗಳಾಗಿ ಬಡಿಯುವ ಕಾಲವನ್ನು ಬೈಬಲ್ಲಿನ ಪ್ರವಾದಿಗಳಾದ ಯೆಶಾಯನೂ ಮೀಕನೂ ಕಂಡಿದ್ದರು. ಇದರಿಂದ ದೇಶದ ಬಂದೂಕುಗಳೆಲ್ಲ ಮುಗಿಯುವುದಿಲ್ಲ, ನಿಜ. ಆದರೆ ಕತ್ತರಿಸಿದ ಆ ಒಂದು ಬಂದೂಕು ಇನ್ನು ಯಾರನ್ನೂ ಕೊಲ್ಲದು.

ಬಾಸ್ಟನ್ನಿನಲ್ಲಿ ಬೇರೆ ದಾರಿ ಹಿಡಿದರು. 1992ರಲ್ಲಿ ಚರ್ಚಿನಲ್ಲಿ ಶವಸಂಸ್ಕಾರ ನಡೆಯುತ್ತಿದ್ದಾಗಲೇ ಗ್ಯಾಂಗಿನವರು ನುಗ್ಗಿ ಯುವಕನೊಬ್ಬನನ್ನು ಇರಿದರು. ಜೆಫ್ರಿ ಬ್ರೌನ್ ಮೊದಲಾದ ಸಭಾಪಾಲಕರು ರಾತ್ರಿ ಹೊತ್ತು ಬೀದಿಗಿಳಿದರು. ಪ್ರಸಂಗ ಮಾಡಲು ಹೋಗದೆ ಹುಡುಗರ ಮಾತು ಕೇಳಿಸಿಕೊಂಡರು, ಕೆಲಸ ಹುಡುಕಿಕೊಟ್ಟರು, ಪೊಲೀಸರೊಂದಿಗೂ ಕೂತು ಮಾತಾಡಿದರು. 1990ರಲ್ಲಿ 152 ಕೊಲೆಗಳಾಗಿದ್ದ ನಗರದಲ್ಲಿ 1999ರಲ್ಲಿ ಆದದ್ದು 31. ಪೊಲೀಸರ ಹೊಸ ಕ್ರಮಗಳ ಪಾಲೂ ಇದರಲ್ಲಿದೆ.

ಯಾವ ಪ್ರಾರ್ಥನಾ ಕೂಟದಲ್ಲೂ ಕಿವಿಗೆ ಬೀಳದ ಒಂದು ಲೆಕ್ಕವಿದೆ. 2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು ಸುಮಾರು 46,700. ಅವರಲ್ಲಿ 27,000ಕ್ಕೂ ಹೆಚ್ಚು ಮಂದಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು. ಟಿವಿಯವರು ಅಲ್ಲಿಗೆ ಹೋಗುವುದಿಲ್ಲ, ಮೇಣದಬತ್ತಿಯ ಮೆರವಣಿಗೆ ನಡೆಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಸಾವಿನ ಕಾರಣವನ್ನು ಸಭಾಪಾಲಕರಿಗೂ ಹೇಳುವುದಿಲ್ಲ. ಹತಾಶೆಯ ಆ ಘಳಿಗೆ ಅನೇಕರಲ್ಲಿ ಬೇಗ ಕಳೆದುಹೋಗುತ್ತದೆ. ಅಷ್ಟು ಹೊತ್ತು ಆಯುಧ ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ. ಸಾಮಾನ್ಯ ಸಭೆಯೊಂದು ಮಾಡಬಹುದಾದ ಅತಿ ದೊಡ್ಡ ಕೆಲಸ ಇಲ್ಲಿದೆ: ಹೆಂಡತಿಯನ್ನು ಕಳೆದುಕೊಂಡ, ಕೆಲಸ ಹೋದ, ಮಂಕಾಗಿ ಕುಳಿತ ಮನುಷ್ಯನನ್ನು ಮನೆಗೆ ಹೋಗಿ ಕಾಣುವುದು, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದು, ಬಂದೂಕಿದ್ದರೆ ಅದನ್ನು ಬೀಗ ಹಾಕಿಟ್ಟು, ಸದ್ಯಕ್ಕೆ ಆ ಬೀಗದ ಕೈ ಬೇರೆಯವರ ಬಳಿ ಇರಲೆಂದು ಒಪ್ಪಿಸುವುದು. ಕೊಡಗು, ಮಲೆನಾಡಿನ ತೋಟದ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಅಮೆರಿಕದಲ್ಲಿ 988, ನಮ್ಮಲ್ಲಿ ಟೆಲಿ-ಮಾನಸ್‌ನ 14416 ಹಗಲಿರುಳೂ ಸಿಗುವ ಸಹಾಯವಾಣಿಗಳು. ಸಭೆಯ ಸೂಚನಾ ಫಲಕದಲ್ಲಿ ಅವು ಇರಲಿ.

ಕ್ರೈಸ್ತರೆಲ್ಲರೂ ಒಂದೇ ಅಭಿಪ್ರಾಯದವರಲ್ಲ ಎಂಬುದನ್ನೂ ಹೇಳಬೇಕು. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2017ರ ಸಮೀಕ್ಷೆಯಲ್ಲಿ ಅಲ್ಲಿನ ಬಿಳಿಯ ಇವಾಂಜೆಲಿಕಲ್ ಕ್ರೈಸ್ತರಲ್ಲಿ ಶೇ 41ರಷ್ಟು ಮಂದಿ ತಮ್ಮ ಬಳಿ ಬಂದೂಕಿದೆ ಎಂದರು. 2019ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಚರ್ಚೊಂದರಲ್ಲಿ ಇಬ್ಬರನ್ನು ಕೊಂದವನನ್ನು ಸಭೆಯ ಕಾವಲಿಗೆ ನಿಂತಿದ್ದ ಸ್ವಯಂಸೇವಕ ಕ್ಷಣಗಳಲ್ಲಿ ಗುಂಡಿಕ್ಕಿ ಉರುಳಿಸಿದ. ಅಲ್ಲಿ ಉಳಿದುಕೊಂಡವರ ಮುಂದೆ ನಿಂತು ಆ ಕಾವಲು ತಪ್ಪೆನ್ನಲು ನನ್ನಿಂದಾಗದು. ಆದರೆ ಲೂಕ 22ರಲ್ಲಿ ಕತ್ತಿ ಕೊಂಡುಕೊಳ್ಳಿರಿ ಎಂದ ಯೇಸು, ಅದೇ ರಾತ್ರಿ ಕತ್ತಿ ಬೀಸಿದ ಶಿಷ್ಯನನ್ನು ತಡೆದು, ಗಾಯಗೊಂಡ ಆಳಿನ ಕಿವಿಯನ್ನು ಮುಟ್ಟಿ ವಾಸಿಮಾಡಿದನು. ಬಂದೂಕಿಗೆ ಆಧಾರವಾಗಿ ಮೊದಲ ವಚನವನ್ನು ಓದುವವರು ಎರಡನೆಯದನ್ನೂ ಓದಲಿ.

ಇನ್ನು ನಿಮ್ಮ ಸಭೆಗೆ. ಮುಂದೆ ಇಂಥ ಸುದ್ದಿ ಬಂದಾಗ ‘ಅಮೆರಿಕದ ಜನರಿಗಾಗಿ’ ಎಂದಷ್ಟೇ ಹೇಳದೆ ಊರಿನ ಹೆಸರು ಹಿಡಿದು, ಗಾಯಗೊಂಡವರು, ಶಸ್ತ್ರಚಿಕಿತ್ಸೆ ಮಾಡುತ್ತಿರುವ ವೈದ್ಯರು, ಗುಂಡು ಹಾರಿಸಿದವನ ತಂದೆತಾಯಿ, ಕಾನೂನು ಮಾಡಬೇಕಾದವರು, ಎಲ್ಲರನ್ನೂ ನೆನೆದು ಪ್ರಾರ್ಥಿಸಿ. ಅಂದೇ ತಂಗಿಗೆ ಫೋನ್ ಮಾಡಿ. ಮಕ್ಕಳು ಆಟಕ್ಕೆ ಹೋಗುವ ಮನೆಗಳಲ್ಲಿ ಬಂದೂಕು ಇದೆಯೇ, ಅದನ್ನು ಬೀಗ ಹಾಕಿ, ಗುಂಡುಗಳನ್ನು ಬೇರೆಡೆ ಇಟ್ಟಿದ್ದಾರೆಯೇ ಎಂದು ಆ ಮನೆಯವರನ್ನು ಕೇಳಲು ಹೇಳಿ. ಸಂಕೋಚಪಡಬೇಕಾಗಿಲ್ಲ, ಅಲ್ಲಿನ ಮಕ್ಕಳ ವೈದ್ಯರೇ ಹೀಗೆ ಕೇಳಬೇಕೆಂದು ತಂದೆತಾಯಿಗಳಿಗೆ ಸಲಹೆ ಕೊಡುತ್ತಾರೆ.