ಕೆಂಪು ಗೀಟಿನ ಹಿಂದೆ ಏನಿದೆ?

ಪರೀಕ್ಷೆಗೆ ಇನ್ನು ಒಂದೂವರೆ ತಿಂಗಳಿದೆ ಎನ್ನುವಾಗ ಪೋಷಕರು ನನ್ನಲ್ಲಿಗೆ ಬರುತ್ತಾರೆ. ಕೈಯಲ್ಲಿ ಗಣಿತದ ಮಾಡೆಲ್ ಪೇಪರುಗಳ ಕಟ್ಟು. "ಇಪ್ಪತ್ತು ಪೇಪರ್ ಮಾಡ್ಸಿದೀವಿ ಮೇಡಂ, ಅಂಕ ಮಾತ್ರ ಇದ್ದಲ್ಲೇ ಇದೆ. ಇನ್ನೊಂದು ಇಪ್ಪತ್ತು ತರಿಸ್ಲಾ?" ಬೇಡ ಎನ್ನುತ್ತೇನೆ. ಮಾಡಿರುವುದರಲ್ಲೇ ಕೆಂಪು ಗೀಟು ಹೆಚ್ಚಿರುವ ಮೂರು ಪೇಪರ್ ಕೊಡಿ, ಸಾಕು.

ಐದನೇ ತರಗತಿಯ ಹುಡುಗನೊಬ್ಬನ ಪೇಪರು ಹಾಗೆ ಸಿಕ್ಕಿತು. 503ರಿಂದ 287 ಕಳೆಯಬೇಕು, ಅವನು ಬರೆದದ್ದು 384. ಪಕ್ಕದಲ್ಲಿ ಅಪ್ಪನ ಅಕ್ಷರ: 'ಸಿಲ್ಲಿ ಮಿಸ್ಟೇಕ್'. ಉಳಿದ ಎರಡು ಪೇಪರುಗಳಲ್ಲೂ ಅಂಥದೇ ಲೆಕ್ಕ, ಅಂಥದೇ ತಪ್ಪು, ಅದೇ ಷರಾ. ಆದರೆ 562ರಿಂದ 287 ಕಳೆಯುವುದು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ತೊಡಕಿದ್ದದ್ದು ನಡುವಿನ ಸೊನ್ನೆಯಲ್ಲಿ. 3ರಲ್ಲಿ 7 ಹೋಗುವುದಿಲ್ಲ, ಸಾಲ ಕೇಳೋಣವೆಂದರೆ ಪಕ್ಕದ ಮನೆಯೇ ಖಾಲಿ. ಸಾಲದ ಗೊಡವೆಯೇ ಬೇಡವೆಂದು ಅವನು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದುಬಿಟ್ಟಿದ್ದ: 7ರಲ್ಲಿ 3 ಹೋದರೆ 4, 8ರಲ್ಲಿ 0 ಹೋದರೆ 8, 5ರಲ್ಲಿ 2 ಹೋದರೆ 3. ಇದನ್ನು ಅಜಾಗರೂಕತೆ ಎನ್ನಲು ನನಗೆ ಮನಸ್ಸಿಲ್ಲ. ದಾರಿ ಕಾಣದಾಗ ಅವನು ತಾನೇ ಒಂದು ನಿಯಮ ಮಾಡಿಕೊಂಡು, ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಇನ್ನೂ ಇಪ್ಪತ್ತು ಪೇಪರ್ ಮಾಡಿಸಿದ್ದರೆ ಆ ನಿಯಮ ಇನ್ನಷ್ಟು ಗಟ್ಟಿಯಾಗುತ್ತಿತ್ತು, ಅಷ್ಟೆ.

ಬಹು ಆಯ್ಕೆಯ ಪ್ರಶ್ನೆ ತಯಾರಿಸುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಇದೇ ಲೆಕ್ಕಕ್ಕೆ 216, 226, 316, 384 ಎಂದು ನಾಲ್ಕು ಆಯ್ಕೆ ಕೊಟ್ಟಿದ್ದಾರೆ ಎನ್ನಿ. ಸರಿಯುತ್ತರ 216. ಸೊನ್ನೆಗೆ ಸಾಲ ತಂದು ಹತ್ತು ಮಾಡಿ, ಅದರಿಂದ ಬಿಡಿ ಸ್ಥಾನಕ್ಕೆ ಒಂದು ಕೊಟ್ಟದ್ದನ್ನು ಮರೆತವರಿಗೆ 226. ನೂರರ ಸ್ಥಾನದಿಂದ ಸಾಲ ತಂದದ್ದನ್ನೇ ಮರೆತವರಿಗೆ 316. ನಮ್ಮ ಹುಡುಗನಂಥವರಿಗೆ 384. ತಪ್ಪು ಮಾಡಿದ ಮಗುವಿಗೆ ತನ್ನ ಉತ್ತರ ಆಯ್ಕೆಗಳಲ್ಲಿ ಕಾಣದಿದ್ದರೆ ಅನುಮಾನವಾದರೂ ಬರುತ್ತಿತ್ತು. ಅದು ಅಲ್ಲೇ ಕಾದು ಕುಳಿತಿರುವುದರಿಂದ ನಿಶ್ಚಿಂತೆಯಿಂದ ಮುಂದೆ ಹೋಗುತ್ತದೆ.

ಅಮೆರಿಕದ ರಾಷ್ಟ್ರಮಟ್ಟದ ಶೈಕ್ಷಣಿಕ ಮೌಲ್ಯಮಾಪನದಲ್ಲಿ 1978ರ ಸುಮಾರಿಗೆ ಕೇಳಿದ್ದ ಒಂದು ಪ್ರಶ್ನೆ ಗಣಿತ ಶಿಕ್ಷಕರ ನಡುವೆ ಇಂದಿಗೂ ಓಡಾಡುತ್ತದೆ. 12/13 ಮತ್ತು 7/8, ಇವೆರಡನ್ನು ಕೂಡಿದರೆ ಅಂದಾಜು ಎಷ್ಟು? ಆಯ್ಕೆಗಳು 1, 2, 19, 21. ಎರಡು ಭಿನ್ನರಾಶಿಗಳೂ ಒಂದಕ್ಕೆ ತೀರ ಹತ್ತಿರ, ಹಾಗಾಗಿ ಉತ್ತರ 2. ಹದಿಮೂರು ವರ್ಷದ ಮಕ್ಕಳಲ್ಲಿ ಅದನ್ನು ಗುರುತಿಸಿದವರು ಶೇ. 24 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಅಂಶಗಳನ್ನಷ್ಟೇ ಕೂಡಿ 19 ಎಂದರು, ಇಲ್ಲವೇ ಛೇದಗಳನ್ನಷ್ಟೇ ಕೂಡಿ 21 ಎಂದರು. ಇವರಲ್ಲಿ ಎಷ್ಟೋ ಮಕ್ಕಳಿಗೆ ಛೇದ ಸಮ ಮಾಡಲು ಬೇಕಾದ ಲ.ಸಾ.ಅ. ತೆಗೆಯಲು ಬರುತ್ತಿದ್ದಿರಬಹುದು. ಆದರೆ 12/13 ಎಷ್ಟು ದೊಡ್ಡದು ಎಂಬ ಅಂದಾಜು ಕಣ್ಣಿಗೆ ಕಟ್ಟಿರಲಿಲ್ಲ. ನಾಲ್ಕು, ಐದನೇ ತರಗತಿಯ ಮಕ್ಕಳ ಜೊತೆ ಕೂರುವವರಿಗೆ ನಾನು ಹೇಳುವುದು ಇದು: ಪೆನ್ಸಿಲ್ ಮುಟ್ಟುವ ಮೊದಲು "ಉತ್ತರ ಹೆಚ್ಚುಕಡಿಮೆ ಎಷ್ಟಿರಬಹುದು?" ಎಂದು ಬಾಯಲ್ಲಿ ಹೇಳಿಸಿ. 503ರಿಂದ ಹತ್ತಿರಹತ್ತಿರ 300 ಹೋದರೆ ಉಳಿಯುವುದು 200ರ ಆಸುಪಾಸು ಎಂದುಕೊಂಡಿರುವ ಮಗು 384 ನೋಡಿದರೆ ನಿಂತು ಯೋಚಿಸುತ್ತದೆ.

ಇನ್ನು ಕೇಳುವ ರೀತಿ. ತಪ್ಪಾದ ಲೆಕ್ಕ ತೋರಿಸಿ "ಹೇಗ್ ಮಾಡ್ದೆ ಹೇಳು" ಎಂದರೆ ಮಗು ಮೊದಲು ಹುಡುಕುವುದು ರಬ್ಬರನ್ನು. ಸರಿಯಾದಾಗ ನಾವು ಯಾರೂ 'ಹೇಗೆ' ಎಂದು ಕೇಳುವುದೇ ಇಲ್ಲವಲ್ಲ, ಹಾಗಾಗಿ ಆ ಪ್ರಶ್ನೆ ಬಂತೆಂದರೆ ಎಡವಟ್ಟಾಗಿದೆ ಎಂದು ಅದಕ್ಕೆ ಗೊತ್ತಾಗಿಹೋಗಿರುತ್ತದೆ. ನಾನು ಎರಡು ಸರಿ ಲೆಕ್ಕ, ಒಂದು ತಪ್ಪು ಲೆಕ್ಕ ಬೆರೆಸಿ ಕೇಳುತ್ತೇನೆ. ರಬ್ಬರು ನನ್ನ ಡ್ರಾಯರಿನಲ್ಲಿರುತ್ತದೆ. ಅಳಿಸಿದ ಹಾಳೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬೇಡದ್ದರ ಮೇಲೆ ಒಂದು ಗೆರೆ ಎಳೆದರಾಯಿತು. ಸರಿಯುತ್ತರದ ಹಿಂದೆಯೂ ಆಗಾಗ ತಪ್ಪು ದಾರಿ ಅಡಗಿರುತ್ತದೆ, ಅದು ಬೇರೆ ಮಾತು.

ಹೇಳಿಕೆ ಲೆಕ್ಕಗಳದ್ದು ಇನ್ನೊಂದೇ ಕಥೆ. 'ಒಟ್ಟು ಅಂದ್ರೆ ಕೂಡು, ಉಳಿದದ್ದು ಅಂದ್ರೆ ಕಳಿ' ಎಂಬ ಸೂತ್ರವನ್ನು ಯಾರು ಶುರು ಮಾಡಿದರೋ, ಅವರ ಮೇಲೆ ನನಗೆ ಸಣ್ಣ ಕೋಪವಿದೆ. ಈ ಲೆಕ್ಕ ನೋಡಿ: 'ಒಬ್ಬ ಹುಡುಗಿ 12 ಮಣಿಗಳನ್ನು ಕಳೆದುಕೊಂಡಳು. ಈಗ 19 ಉಳಿದಿವೆ. ಮೊದಲು ಎಷ್ಟಿದ್ದವು?' ಸಾಲಿನಲ್ಲಿ 'ಕಳೆ' ಇದೆ, 'ಉಳಿ' ಇದೆ. ಸೂತ್ರ ನಂಬಿದ ಮಗು 19ರಲ್ಲಿ 12 ಕಳೆದು 7 ಎಂದು ಬರೆದು ಪುಟ ತಿರುಗಿಸುತ್ತದೆ. ಕಳೆದುಕೊಂಡ ಮೇಲೂ 19 ಇರುವವಳ ಹತ್ತಿರ ಮೊದಲು 7 ಇದ್ದದ್ದು ಹೇಗೆ? ಈ ಪ್ರಶ್ನೆ ಏಳಬೇಕಾದರೆ ಉತ್ತರವನ್ನು ಮತ್ತೆ ಕಥೆಯೊಳಗೆ ಇಟ್ಟು ಓದಬೇಕು.

ಅದೇ ಅಮೆರಿಕದ ಮೌಲ್ಯಮಾಪನದ ಮುಂದಿನ ಸುತ್ತಿನಲ್ಲಿ ಸೈನಿಕರ ಲೆಕ್ಕವೊಂದಿತ್ತು. ಒಂದು ಬಸ್ಸಿಗೆ 36 ಜನರಂತೆ 1,128 ಸೈನಿಕರನ್ನು ಸಾಗಿಸಲು ಎಷ್ಟು ಬಸ್ಸು ಬೇಕು? ಶೇ. 70ರಷ್ಟು ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದ್ದರು. ಆದರೂ 32 ಎಂಬ ಸರಿಯುತ್ತರ ಕೊಟ್ಟವರು ಶೇ. 23. ಶೇ. 29 ಮಕ್ಕಳ ಉತ್ತರ '31, ಶೇಷ 12'. ಶೇಷವಾದ ಆ ಹನ್ನೆರಡು ಮಂದಿ ನಿಲ್ದಾಣದಲ್ಲೇ ಉಳಿದರು! ಅದಕ್ಕೇ ನನ್ನ ಮಕ್ಕಳು ಉತ್ತರವನ್ನು ಬರಿ ಸಂಖ್ಯೆಯಾಗಿ ಬರೆಯುವಂತಿಲ್ಲ, ಪೂರ್ತಿ ವಾಕ್ಯದಲ್ಲಿ ಬರೆಯಬೇಕು. 'ಎಲ್ಲರೂ ಹೋಗಲು 31 ಶೇಷ 12 ಬಸ್ಸು ಬೇಕು' ಎಂದು ಬರೆಯುತ್ತಿದ್ದಂತೆ ಅವರಿಗೇ ನಗು ಬರುತ್ತದೆ.

ಅಭ್ಯಾಸದ ವಿಷಯಕ್ಕೆ ಬಂದರೆ, ಸೋಮವಾರ ಪೂರ್ತಿ ಭಿನ್ನರಾಶಿ, ಮಂಗಳವಾರ ಪೂರ್ತಿ ವಿಸ್ತೀರ್ಣ ಎಂಬ ವೇಳಾಪಟ್ಟಿ ನೋಡಲು ಚೆಂದ. ಎಲ್ಲವೂ ವಿಸ್ತೀರ್ಣದ್ದೇ ಲೆಕ್ಕ ಎಂದು ಗೊತ್ತಿದ್ದ ಮೇಲೆ ಮಗು ಉದ್ದ ಅಗಲ ಹುಡುಕಿ ಗುಣಿಸುತ್ತದೆ. ಇದು ಸುತ್ತಳತೆಯೋ ವಿಸ್ತೀರ್ಣವೋ ಎಂದು ಆಲೋಚಿಸುವ ಪ್ರಸಂಗವೇ ಬರುವುದಿಲ್ಲ. ಪರೀಕ್ಷೆಯಲ್ಲಿ ಕಷ್ಟವಿರುವುದೇ ಆ ಗುರುತಿಸುವಿಕೆಯಲ್ಲಿ. 2007ರಲ್ಲಿ ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಘನಾಕೃತಿಗಳ ಗಾತ್ರದ ಲೆಕ್ಕ ಕೊಟ್ಟು ಇದನ್ನು ಪರೀಕ್ಷಿಸಿದ್ದರು. ಒಂದೊಂದೇ ಬಗೆಯನ್ನು ಗುಂಪಾಗಿ ಮಾಡಿದವರು ಅಭ್ಯಾಸದ ವೇಳೆ ಶೇ. 89 ಸರಿ ಮಾಡಿದರು, ಬೆರೆಸಿ ಮಾಡಿದವರು ಶೇ. 60. ಒಂದು ವಾರದ ನಂತರ ಪರೀಕ್ಷೆ ಕೊಟ್ಟಾಗ ಗುಂಪಿನವರು ಶೇ. 20ಕ್ಕೆ ಇಳಿದರು, ಬೆರೆಸಿದವರು ಶೇ. 63ರಲ್ಲಿ ನಿಂತರು. ಮನೆಯಲ್ಲಿ ಎಲ್ಲ ಬರುತ್ತೆ, ಪರೀಕ್ಷೆಯಲ್ಲಿ ಮರೆತುಬಿಡ್ತಾಳೆ ಎನ್ನುವ ತಾಯಂದಿರಿಗೆ ನಾನು ಮೊದಲು ಕೇಳುವುದೇ ಮನೆಯ ವೇಳಾಪಟ್ಟಿಯನ್ನು. ದಿನಕ್ಕೆ ಎಂಟು ಲೆಕ್ಕ, ಎಂಟೂ ಬೇರೆ ಬೇರೆ ಪಾಠದವು, ಇಪ್ಪತ್ತೈದು ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತು ಕೂರಿಸಿದರೆ ನೀವು ಕಲಿಸುತ್ತಿರುವುದು ಗಣಿತವನ್ನಲ್ಲ, ಆಕಳಿಕೆಯನ್ನು.

ಮಗ್ಗಿ ಬೇಕೇ? ಬೇಕು. 7ನ್ನು 8ರಿಂದ ಗುಣಿಸಲು ತಲೆ ಕೆಡಿಸಿಕೊಂಡ ಮಗುವಿಗೆ ಲೆಕ್ಕದ ಉಳಿದ ಭಾಗ ಮರೆತಿರುತ್ತದೆ. ಆದರೆ ಹೊರೆ ನಾವು ಅಂದುಕೊಂಡಷ್ಟಿಲ್ಲ. ಹತ್ತರವರೆಗಿನ ನೂರು ಗುಣಲಬ್ಧಗಳಲ್ಲಿ 1, 2, 5, 10ರ ಮಗ್ಗಿಗಳನ್ನು ತೆಗೆದು, ತಿರುಗುಮುರುಗಾದವನ್ನು ಒಂದೇ ಎಂದು ಎಣಿಸಿದರೆ ಉಳಿಯುವುದು 21. ಇಪ್ಪತ್ತೊಂದು ಚೀಟಿ, ಬೆಳಗ್ಗೆ ಐದು ನಿಮಿಷ.

ಗಡಿಯಾರವನ್ನು ಕೊನೆಯ ಎರಡು ವಾರದವರೆಗೆ ತೋರಿಸಬೇಡಿ. ಸರಿಯಾಗಿ ಮಾಡಲು ಬಾರದ್ದನ್ನು ಬೇಗ ಮಾಡಿ ಎಂದರೆ ಬೇಗ ತಪ್ಪಾಗುತ್ತದೆ. ಉತ್ತರದ ಮನೆ ತುಂಬುವ ಒಎಂಆರ್ ಹಾಳೆ ಇದ್ದರೆ ಅದರ ಅಭ್ಯಾಸವೂ ಈ ಎರಡು ವಾರದಲ್ಲೇ. 14ನೇ ಪ್ರಶ್ನೆ ಬಿಟ್ಟು, 15ರ ಉತ್ತರವನ್ನು 14ರ ಸಾಲಿನಲ್ಲಿ ತುಂಬಿ, ಅಲ್ಲಿಂದ ಕೊನೆಯವರೆಗೂ ಒಂದೊಂದು ಮನೆ ಜಾರಿದ ಹಾಳೆಗಳನ್ನು ನಾನು ನೋಡಿದ್ದೇನೆ. ಐದು ಪ್ರಶ್ನೆಗೊಮ್ಮೆ ಎರಡೂ ಕಡೆಯ ಸಂಖ್ಯೆ ತಾಳೆ ನೋಡುವುದು ರೂಢಿಯಾಗಬೇಕು. ತಪ್ಪಿಗೆ ಅಂಕ ಕಡಿಯುತ್ತಾರೋ ಇಲ್ಲವೋ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಕಡಿಯುವುದಿಲ್ಲವಾದರೆ ಒಂದು ಮನೆಯೂ ಖಾಲಿ ಇರಬಾರದು.

ಕೊನೆಯ ವಾರ ನಾನು ಹೊಸ ಪೇಪರ್ ಕೊಡುವುದಿಲ್ಲ. ಮಕ್ಕಳೇ ಪ್ರಶ್ನೆ ಬರೆಯಬೇಕು, ಒಂದು ಸರಿಯುತ್ತರ, ಮೂರು ತಪ್ಪು. ಪ್ರತಿ ತಪ್ಪಿನ ಎದುರು ಅದು ಯಾರಿಗಾಗಿ ಇಟ್ಟ ಬಲೆ ಎಂದೂ ಬರೆಯಬೇಕು. ಆ 384ರ ಹುಡುಗ ಈ ಹೊತ್ತಿಗೆ ತನ್ನದೇ ದಾರಿ ಕಂಡುಕೊಂಡಿದ್ದ: 287ರಿಂದ 300ಕ್ಕೆ 13, ಅಲ್ಲಿಂದ 503ಕ್ಕೆ 203, ಒಟ್ಟು 216, ಸಾಲವೂ ಇಲ್ಲ, ಸೊನ್ನೆಯ ಕಾಟವೂ ಇಲ್ಲ. ಅವನು 604ರಿಂದ 358 ಕಳೆಯುವ ಪ್ರಶ್ನೆ ಮಾಡಿ, ಆಯ್ಕೆಗಳಲ್ಲಿ 354 ಎಂದು ಸೇರಿಸಿದ್ದ. ಯಾರಿಗೆ ಎಂಬ ಜಾಗದಲ್ಲಿ 'ಹೋದ ತಿಂಗಳ ನನಗೆ' ಎಂದು ಬರೆದಿದ್ದ.